ಮಾತು ಕೊಡುವ ಮುನ್ನ

ಪ್ರೀತಿಯ ತಂಗಿ,

ಎಂ.ಎಸ್‌.ಡಬ್ಲ್ಯೂ. ಮುಗಿಸಿ ಜೇವರ್ಗಿ ತಾಲ್ಲೂಕಿನ ಕೊಳಕೂರಕ್ಕೆ ಕೆಲಸಕ್ಕೆ ಹೊರಟಿದ್ದೀಯ, ಸಂತೋಷ. ನಿನ್ನೆದುರು ಕೂತ ಹೆಣ್ಣುಮಗಳು ಬಾಯಿ ಬಿಡುವ ಮೊದಲು ಕೇಳುವುದು ಒಂದೇ: ‘ಅಕ್ಕೋರೆ, ಇದು ಯಾರ ಮುಂದೂ ಹೇಳಂಗಿಲ್ಲ, ಹೌದಿಲ್ಲೋ?’ ಥಟ್ಟನೆ ‘ಇಲ್ಲವ್ವ’ ಅಂದುಬಿಡಬೇಡ. ಆ ಮಾತನ್ನು ಪೂರ್ತಿ ಉಳಿಸಿಕೊಳ್ಳಲು ಕಾನೂನು ನಿನಗೆ ಬಿಡುವುದಿಲ್ಲ.

ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲ ಬಯಲು ಮಾಡುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮೂ ಅದನ್ನೇ ಹೇಳುತ್ತದೆ. ಗಂಡ–ಹೆಂಡಿರ ನಡುವಿನ ಮಾತಿಗೂ ರಕ್ಷಣೆಯುಂಟು. ಆ ಸಾಲಿನಲ್ಲಿ ಸಮಾಜ ಕಾರ್ಯಕರ್ತರಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1996ರ ಜಾಫಿ–ರೆಡ್ಮಂಡ್ ತೀರ್ಪಿನಲ್ಲಿ, ಆಪ್ತಚಿಕಿತ್ಸೆ ಕೊಡುವ ಪರವಾನಗಿ ಪಡೆದ ಸಮಾಜ ಕಾರ್ಯಕರ್ತೆಗೂ ಈ ರಕ್ಷಣೆ ಕೊಟ್ಟಿತು. ನಮ್ಮಲ್ಲಿ ಕಟಕಟೆಗೆ ಕರೆದು ಕೇಳಿದರೆ ‘ಗುಟ್ಟು’ ಎಂದು ಸುಮ್ಮನಿರಲಾಗದು. ಅದಕ್ಕೇ ಡೈರಿಯಲ್ಲಿ ಕಂಡದ್ದು, ಕೇಳಿದ್ದಷ್ಟೇ ಇರಲಿ; ನಿನ್ನ ಊಹೆ ಬೇಡ.

ಕೋರ್ಟಿಗೆ ಉತ್ತರಿಸುವುದು ಬೇರೆ, ಅಗಸಿಕಟ್ಟೆಗೆ ಉತ್ತರಿಸುವುದು ಬೇರೆ. 2015ರ ಬಾಲನ್ಯಾಯ ಕಾಯ್ದೆಯ 99ನೇ ಕಲಂ ಪ್ರಕಾರ, ಮಕ್ಕಳ ಕಲ್ಯಾಣ ಸಮಿತಿ ಪರಿಶೀಲಿಸುವ ವರದಿ ಗೋಪ್ಯ. 2017ರ ಎಚ್‌ಐವಿ ಕಾಯ್ದೆಯಂತೆ, ನಂಬಿ ಹೇಳಿದ ಸೋಂಕಿನ ವಿಷಯವನ್ನು ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ಹಾಕುವಂತಿಲ್ಲ; ಕೋರ್ಟಿನ ಆದೇಶದಂಥ ಕೆಲವೇ ವಿನಾಯಿತಿಗಳಿವೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ.

ಸಣ್ಣ ಊರಲ್ಲಿ ಹೆಸರು ಮುಚ್ಚಿಟ್ಟರೆ ಸಾಲದು. ‘ಆ ಓಣಿಯಾಕಿ, ಗಂಡ ಪುಣೆಗೆ ದುಡಿಯಾಕ ಹೋಗ್ಯಾನ’ ಎಂದರೆ ಮನೆಯ ಕದವನ್ನೇ ತೋರಿಸಿದಂತೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮಗುವಿನ ಹೆಸರು, ವಿಳಾಸ, ಶಾಲೆಯ ಜೊತೆಗೆ ಗುರುತು ಹತ್ತಿಸುವ ಯಾವ ವಿವರವನ್ನೂ ಪ್ರಕಟಿಸಬಾರದು ಎನ್ನುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹಾಕುವ ಮುನ್ನ ಇದು ನೆನಪಿರಲಿ.

ನಿನಗೆ ಹೆಚ್ಚು ಕಷ್ಟವಾಗುವುದು ಇಲ್ಲಿ: ಹದಿನೇಳರ ಹುಡುಗಿ, ಗುಟ್ಟಾಗಿ ಮದುವೆಯಾಗಿದೆ, ಈಗ ಬಸುರಿ. ಹದಿನೆಂಟು ತುಂಬದವಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಬಚ್ಚಿಟ್ಟರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಆಕೆಯ ಒಪ್ಪಿಗೆಯೂ, ತಾಯಿಯ ಕಣ್ಣೀರೂ ಈ ಹೊಣೆಯನ್ನು ಇಳಿಸವು. ಆದರೆ ಜೀಪು ಬಂದ ಮೇಲೆ ಆಕೆಗೆ ಗೊತ್ತಾಗಬಾರದು. ಮೊದಲು ನೀನೇ ಹೇಳು, ಠಾಣೆಗೆ ಜೊತೆಗೆ ಹೋಗು, ಆಮೇಲೂ ಕೈಬಿಡಬೇಡ.

ಆದ್ದರಿಂದ ಮೊದಲ ಭೇಟಿಯಲ್ಲೇ ಹೀಗನ್ನು: ‘ಯವ್ವಾ, ನಿನ್ನ ಮಾತು ಊರಿಗೆ ಹೋಗಂಗಿಲ್ಲ. ಸಣ್ಣ ಮಕ್ಕಳಿಗೆ ಕೇಡಾಗಿದ್ರ, ಜೀವಕ್ಕ ಅಪಾಯ ಇದ್ರ, ಕೋರ್ಟು ಕೇಳಿದ್ರ ಹೇಳಬೇಕಾಗ್ತದ.’ ಇದನ್ನು ಕೇಳಿ ಕೆಲವರು ಎದ್ದು ಹೋಗಬಹುದು. ಹೋಗಲಿ; ಮೋಸಹೋದೆ ಎಂದು ಅವರು ಹೇಳಲಾರರು, ನಾಳೆ ಮರಳಿಯೂ ಬಂದಾರು.

ಉಳಿಸಿಕೊಳ್ಳಲಾಗದ ಮಾತು ಕೊಡಬೇಡ. ಕೊಟ್ಟದ್ದನ್ನು ಅತ್ತೆ ಕೇಳಲಿ, ಪಂಚಾಯಿತಿ ಸದಸ್ಯರೇ ಕೇಳಲಿ, ಬಿಟ್ಟುಕೊಡಬೇಡ.

ಇಂತಿ,
ನಿನ್ನ ಹಿರಿಯಕ್ಕ