ಕಿಟ್ ಬೇಕೋ, ಕಡ್ಡಿಪೆಟ್ಟಿಗೆ ಸಾಕೋ?

ಪ್ರಶ್ನೆ: ನಮ್ಮದು ಬೀದರ ಬಾಜೂಕಿನ ಕೊಳಾರ. ಯಜಮಾನರು ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಔಷಧ ಕಂಪನಿಗೆ ಹೋಗುತ್ತಾರೆ. ಮಗಳು ಹತ್ತನೇ ತರಗತಿ. ಮಗ ಆರನೇ ತರಗತಿ, ಅವನಿಗೆ ಕಂಪ್ಯೂಟರ್ ಹುಚ್ಚು. ಮನೆಯ ರೇಡಿಯೊ ಬಿಚ್ಚಿಟ್ಟಿದ್ದಾನೆ. ಮೊನ್ನೆ ಒಬ್ಬರು ಮನೆಗೇ ಬಂದು ರೋಬೋಟ್ ಕಿಟ್ ತೋರಿಸಿ, ಈಗಲೇ ಕೋಡಿಂಗ್ ಕಲಿಯದಿದ್ದರೆ ಹುಡುಗ ಹಿಂದೆ ಬೀಳುತ್ತಾನೆ, ತಿಂಗಳ ಕಂತಿನಲ್ಲಿ ಕೊಡುತ್ತೇವೆ ಅಂದರು. ಯಜಮಾನರು ಬೇಡ ಅಂತಾರೆ. ನನಗೆ ಕಂಪ್ಯೂಟರಿನ ಗಂಧಗಾಳಿಯೂ ಇಲ್ಲ. ಏನು ಮಾಡಲಿ?
– ಹೆಸರು ಬೇಡ, ಕೊಳಾರ

ಉತ್ತರ: ತಾಯೀ, ಕಂತಿನ ಕಾಗದಕ್ಕೆ ಸಹಿ ಹಾಕಬೇಡಿ. ಯಜಮಾನರು ದುಡ್ಡು ನೋಡಿ ಬೇಡ ಅಂದಿರಬಹುದು. ನನ್ನ ಕಾರಣ ಬೇರೆ. ಒಳಗೆ ಏನು ನಡೆಯುತ್ತಿದೆ ಎಂದು ಕಾಣದಿದ್ದರೆ, ಮೊಬೈಲ್ ಆ್ಯಪ್ ಇಲ್ಲದೆ ಅಲುಗದಿದ್ದರೆ, ಆ ರೋಬೋಟಿನಿಂದ ಹುಡುಗ ಕಲಿಯುವುದು ಗುಂಡಿ ಒತ್ತುವುದನ್ನಷ್ಟೇ. 1963ರಲ್ಲಿ ಅಮೆರಿಕದಲ್ಲಿ ಡಿಜಿ-ಕಾಂಪ್ ಎಂಬ ಪ್ಲಾಸ್ಟಿಕ್ ಆಟಿಕೆ ಬಂತು. ಕರೆಂಟಿಲ್ಲ, ಸೆಲ್ಲಿಲ್ಲ, ಮೂರು ಪಟ್ಟಿಗಳು ಸರಿದಾಡಿ ಲೆಕ್ಕ ಮಾಡುವುದು ಕಣ್ಣೆದುರೇ ಕಾಣುತ್ತಿತ್ತು. ಒಂದೊಂದು ಪಟ್ಟಿಗೆ ಎರಡೇ ನೆಲೆ, ಸೊನ್ನೆ ಇಲ್ಲವೇ ಒಂದು. ಮೂರು ಸೇರಿದರೆ ಎಂಟು ಜೋಡಣೆ.

ಇಷ್ಟು ನಿಮ್ಮ ಮಗಳಿಗೆ ಆಗಲೇ ಗೊತ್ತು. ಕನ್ನಡ ಪಾಠದಲ್ಲಿ ಯಮಾತಾರಾಜಭಾನಸಲಗಂ ಎಂದು ಗಣ ವಿಂಗಡಿಸುತ್ತಾಳಲ್ಲ? ಮೂರು ಅಕ್ಷರ, ಪ್ರತಿಯೊಂದೂ ಲಘು ಇಲ್ಲವೇ ಗುರು. ಹಾಗಾಗಿ ಗಣ ಎಂಟು, ಒಂಬತ್ತನೆಯದು ಹುಟ್ಟುವುದೇ ಇಲ್ಲ. ಛಂದಸ್ಸಿನ ಪಿಂಗಲ ಈ ಲೆಕ್ಕವನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಹಾಕಿಟ್ಟ. (ಅಷ್ಟಕ್ಕೇ ಅವನು ಕಂಪ್ಯೂಟರ್ ಕಂಡುಹಿಡಿದ ಎಂದು ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಬೇಡಿ.) ಇಂಥ ಸೊನ್ನೆ-ಒಂದರ ನೆಲೆ ನಾಲ್ಕಾದರೆ ಜೋಡಣೆ 16, ಎಂಟಾದರೆ 256. ಆ ಎಂಟರ ಕಟ್ಟಿಗೇ ಬೈಟ್ ಅನ್ನುತ್ತಾರೆ.

ಮಗನಿಗೆ ಒಂದು ಟಾರ್ಚ್ ಬಲ್ಬು, ಎರಡು ಸೆಲ್ಲು, ಎರಡು ಸ್ವಿಚ್ಚು, ಒಂದಷ್ಟು ವೈರು ಕೊಡಿಸಿ. ಸ್ವಿಚ್ಚುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಎರಡನ್ನೂ ಹಾಕಿದಾಗಲೇ ಬೆಳಕು. ಅಕ್ಕಪಕ್ಕ ಎರಡು ದಾರಿ ಮಾಡಿ ಜೋಡಿಸಿದರೆ ಯಾವುದೋ ಒಂದು ಸಾಕು. ಕಂಪ್ಯೂಟರ್ ಚಿಪ್ಪಿನೊಳಗೆ ಇಂಥ ಸ್ವಿಚ್ಚುಗಳೇ ಕೋಟಿಗಟ್ಟಲೆ ಇವೆ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಕಡ್ಡಿಪೆಟ್ಟಿಗೆಯ ಯಂತ್ರ. 1961ರಲ್ಲಿ ಬ್ರಿಟನ್ನಿನ ಡೊನಾಲ್ಡ್ ಮಿಕಿ 304 ಖಾಲಿ ಪೆಟ್ಟಿಗೆಗಳಿಗೆ ಸೊನ್ನೆ-ಇಂಟು ಆಟ ಕಲಿಸಿದರು. ಮರುವರ್ಷ ಮಾರ್ಟಿನ್ ಗಾರ್ಡ್ನರ್ ಇನ್ನೂ ಚಿಕ್ಕ ಆಟ ಹುಡುಕಿ, 24 ಪೆಟ್ಟಿಗೆಯಲ್ಲೇ ಮುಗಿಸಿದರು. ಒಂಬತ್ತು ಮನೆ, ಇಬ್ಬರಿಗೂ ಮೂರು ಮೂರು ಕಾಯಿ. ನಡೆ ಚೆಸ್ಸಿನ ಪದಾತಿಯದು, ಒಂದೊಂದೇ ಮನೆ. ಆಚೆ ಸಾಲು ಮುಟ್ಟಿದರೆ, ಎದುರಿನ ಕಾಯಿಗಳನ್ನೆಲ್ಲ ಹೊಡೆದರೆ, ಅಥವಾ ಎದುರಾಳಿಗೆ ನಡೆಯೇ ಉಳಿಯದಂತೆ ಮಾಡಿದರೆ ಗೆಲುವು. ಮೊದಲ ನಡೆ ಹುಡುಗನದು. ಪೆಟ್ಟಿಗೆಯ ಸರದಿ ಬಂದಾಗ ಆಟ ಎಲ್ಲಿದೆಯೋ ಆ ಚಿತ್ರವಿರುವ ಪೆಟ್ಟಿಗೆ ತೆರೆಯಬೇಕು. ಒಳಗೆ ಒಂದೊಂದು ನಡೆಗೆ ಒಂದೊಂದು ಬಗೆಯ ಕಾಳು: ಹೆಸರು, ಉದ್ದು, ತೊಗರಿ. ಕಣ್ಣು ಮುಚ್ಚಿ ಒಂದನ್ನು ತೆಗೆದು ಅದರಂತೆ ಆಡುವುದು. ಪೆಟ್ಟಿಗೆ ಸೋತರೆ ಅದು ಕೊನೆಗೆ ಆಡಿದ ಕಾಳು ಹೊರಕ್ಕೆ. ಮೊದಮೊದಲು ಹುಡುಗ ಸುಲಭವಾಗಿ ಗೆಲ್ಲುತ್ತಾನೆ. ಆಟ ಹೆಚ್ಚಿದಂತೆ ಕೆಟ್ಟ ನಡೆಗಳ ಕಾಳು ಖಾಲಿಯಾಗಿ, ಕೊನೆಗೆ ಪೆಟ್ಟಿಗೆಗಳನ್ನು ಸೋಲಿಸಲು ಆಗುವುದೇ ಇಲ್ಲ. ಯಂತ್ರ ಹೇಗೆ ಕಲಿಯುತ್ತದೆ ಎಂದು ಆಮೇಲೆ ಅವನೇ ನಿಮಗೆ ಹೇಳುತ್ತಾನೆ.

ರೇಡಿಯೊ ಬಿಚ್ಚಿದ್ದಕ್ಕೆ ಬೈಯಬೇಡಿ. ಆದರೆ ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದನ್ನೂ ಅವನು ಮುಟ್ಟಬಾರದು. ಮೊಬೈಲ್ ಬ್ಯಾಟರಿ ಚುಚ್ಚಿದರೆ ಬೆಂಕಿ ಹತ್ತುತ್ತದೆ, ಅದನ್ನು ಖಡಾಖಂಡಿತ ಹೇಳಿ. ಇನ್ನು, ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು 2016ರಿಂದ ಇವೆ, 6ರಿಂದ 12ನೇ ತರಗತಿಯವರಿಗೆ. ಸರಕಾರಿ ಶಾಲೆಗಳಿಗೂ ಸಿಗುತ್ತವೆ. ಬೀದರ, ಭಾಲ್ಕಿ, ಔರಾದ ಕಡೆ ಯಾವ ಶಾಲೆಯಲ್ಲಿದೆ ಎಂದು ಮುಖ್ಯಗುರುಗಳ ಹತ್ತಿರ ವಿಚಾರಿಸಿ.

ಕಡೆಗೊಂದು ಮಾತು. ಪತ್ರದಲ್ಲಿ ಮಗಳ ಸುದ್ದಿ ಅರ್ಧ ಸಾಲಿಗೇ ಮುಗಿದಿದೆ. ಆ 24 ಚಿತ್ರಗಳನ್ನು ಲೆಕ್ಕ ತಪ್ಪದಂತೆ ಹುಡುಕಿ ಬರೆಯುವುದೇ ಈ ಆಟದ ಕಷ್ಟದ ಕೆಲಸ. ಅದನ್ನು ಅವಳಿಗೆ ಬಿಡಿ, ಪರೀಕ್ಷೆ ಮುಗಿದ ಮೇಲೆ.