ಪ್ರತಿಕೂಲ ಸ್ವಾಧೀನವೂ ನ್ಯಾಯಾಲಯದ ಅಧಿಕಾರವೂ

ಹೊಲದ ಪತ್ರ ಒಬ್ಬನಲ್ಲಿದ್ದು, ಅದನ್ನು ಬಹುಕಾಲ ಉತ್ತು ಉಂಡವನು ಇನ್ನೊಬ್ಬನಾದರೆ ಒಡೆಯನು ಯಾರು? ಈ ಪ್ರಶ್ನೆಗೆ ಕಾಲಪರಿಮಿತಿ ಕಾಯಿದೆಯಲ್ಲಿ ಉತ್ತರವುಂಟು. ಆದರೆ ಆ ಉತ್ತರವನ್ನು ಹೇಳತಕ್ಕವರು ಯಾರೆಂದು ತಿಳಿಯದೆ ತಾಲ್ಲೂಕು ಕಚೇರಿಗೆ ಅಲೆದು ಕಾಲ ಕಳೆಯುವವರುಂಟು. ಕಾಲವೇ ಹಕ್ಕನ್ನು ನುಂಗುವ ಈ ವಿಷಯದಲ್ಲಿ ಅಂಥ ಅಲೆದಾಟ ಅಪಾಯಕರ.

1963ರ ಕಾಯಿದೆಯ 65ನೆಯ ಅನುಚ್ಛೇದದಂತೆ, ಒಡೆತನದ ಆಧಾರದ ಮೇಲೆ ಭೂಮಿಯನ್ನು ಮರಳಿ ಪಡೆಯುವ ದಾವೆಯನ್ನು, ಎದುರಾಳಿಯ ಸ್ವಾಧೀನವು ಪ್ರತಿಕೂಲವಾದಂದಿನಿಂದ 12 ವರ್ಷಗಳೊಳಗೆ ಹೂಡಬೇಕು. ಸರಕಾರಕ್ಕೆ ಈ ಅವಧಿ 30 ವರ್ಷ. ಅವಧಿ ಮೀರಿದರೆ, 27ನೆಯ ಪ್ರಕರಣದಂತೆ, ಒಡೆಯನ ಹಕ್ಕೇ ಅಳಿಯುತ್ತದೆ.

ಹಾಗೆಂದು ಬಹುಕಾಲದ ಅನುಭವವೊಂದೇ ಸಾಲದು. ಸ್ವಾಧೀನವು ಬಲಾತ್ಕಾರದ್ದಾಗಿರಬಾರದು, ಗುಟ್ಟಿನದಾಗಿರಬಾರದು, ಒಡೆಯನ ಅನುಮತಿಯಿಂದ ಬಂದುದಾಗಿರಬಾರದು. ಕರ್ನಾಟಕ ವಕ್ಫ್ ಮಂಡಲಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಈ ತತ್ವವನ್ನು ವಿಶದಪಡಿಸಿತು. ಅಣ್ಣನು ಪಟ್ಟಣ ಸೇರಿ, ತಮ್ಮನು 20 ವರ್ಷ ಕೂಡುಹೊಲವನ್ನು ಉತ್ತನೆನ್ನೋಣ. ಅಷ್ಟರಿಂದಲೇ ಅಣ್ಣನ ಪಾಲು ಹೋಗದು. ಏಕೆಂದರೆ ಒಬ್ಬ ಪಾಲುದಾರನ ಸ್ವಾಧೀನವು ಸಾಮಾನ್ಯವಾಗಿ ಎಲ್ಲರ ಪರವಾದುದು. "ನಿನಗೆ ಇದರಲ್ಲಿ ಹಕ್ಕಿಲ್ಲ" ಎಂದು ಅಣ್ಣನಿಗೆ ತಿಳಿಯುವಂತೆ ಅವನನ್ನು ಹೊರಗಿಟ್ಟಂದಿನಿಂದ ಮಾತ್ರ ಕಾಲ ಓಡತೊಡಗುತ್ತದೆ.

ಇದನ್ನೆಲ್ಲ ಸಾಕ್ಷ್ಯದಿಂದ ತೂಗಿ ನೋಡುವುದು ಸಿವಿಲ್ ನ್ಯಾಯಾಲಯದ ಕೆಲಸ. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಪ್ರಕರಣವು, ಕಾಯಿದೆಯು ಬೇರೆಡೆ ತಡೆಯದ ಹೊರತು, ಎಲ್ಲ ಸಿವಿಲ್ ವ್ಯಾಜ್ಯಗಳನ್ನೂ ಅದಕ್ಕೊಪ್ಪಿಸಿದೆ. 16ನೆಯ ಪ್ರಕರಣದಂತೆ ಭೂಮಿಯಿರುವ ಸ್ಥಳದ ನ್ಯಾಯಾಲಯದಲ್ಲೇ ದಾವೆ ಹೂಡಬೇಕು. ವಾದಿಯ ವಾಸಸ್ಥಳ ಗಣನೆಗೆ ಬಾರದು.

ಹಾಗಾದರೆ ತಹಸೀಲ್ದಾರರ ಪಹಣಿಗೆ ಬೆಲೆಯಿಲ್ಲವೇ? ಉಂಟು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದಂತೆ, ಅದರಲ್ಲಿಯ ದಾಖಲೆಯನ್ನು ಸುಳ್ಳೆಂದು ತೋರಿಸುವವರೆಗೆ ನಿಜವೆಂದೇ ಭಾವಿಸಬೇಕು. ಆದರೆ ಪಹಣಿಯು ಒಡೆತನವನ್ನು ಹುಟ್ಟಿಸದು. ಕಂದಾಯದ ಕೆಲವು ವಿಷಯಗಳಿಂದ 61ನೆಯ ಪ್ರಕರಣವು ಸಿವಿಲ್ ನ್ಯಾಯಾಲಯವನ್ನು ದೂರವಿಟ್ಟಿದೆಯಾದರೂ, ಇಬ್ಬರು ಖಾಸಗಿ ವ್ಯಕ್ತಿಗಳ ನಡುವಣ ಒಡೆತನದ ಪ್ರಶ್ನೆ ಅಂಥದಲ್ಲ.

ಪ್ರತಿಕೂಲ ಸ್ವಾಧೀನವು ಪ್ರತಿವಾದಿಯ ಗುರಾಣಿ ಮಾತ್ರವೆಂದು ಸರ್ವೋಚ್ಚ ನ್ಯಾಯಾಲಯವು 2013ರ ತೀರ್ಪೊಂದರಲ್ಲಿ ಹೇಳಿತ್ತು. 2019ರಲ್ಲಿ ಮೂವರು ನ್ಯಾಯಾಧೀಶರ ಪೀಠವು, ವಾದಿಯೂ ಅದರ ಬಲದಿಂದ ದಾವೆ ಹೂಡಬಹುದೆಂದು ನಿರ್ಣಯಿಸಿತು.

ನಿದ್ರಿಸುವ ಒಡೆಯನಿಗೆ ಕಾನೂನು ನೆರವಾಗದೆಂಬುದು ಈ ನಿಯಮದ ತಿರುಳು. ಆದರೆ ದೂರದೂರಿನಲ್ಲಿ ದುಡಿಯುವ ಬಡವನೂ ಒಡೆಯನಾಗಿರಬಹುದು. ಆದುದರಿಂದ ಭೂಮಿಯುಳ್ಳವರು ವರ್ಷಕ್ಕೊಮ್ಮೆಯಾದರೂ ಹೊಲವನ್ನೂ ಪಹಣಿಯನ್ನೂ ನೋಡಿಕೊಳ್ಳುವುದು ಲೇಸು. ತಕರಾರೆದ್ದರೆ 12 ವರ್ಷ ತುಂಬುವ ಮೊದಲೇ ತಕ್ಕ ನ್ಯಾಯಾಲಯದ ಬಾಗಿಲನ್ನು ತಟ್ಟುವುದು ಇನ್ನೂ ಲೇಸು.