ಹೊಗೆಯೆಂದರೆ ಉರಿಯದೆ ಉಳಿದ ಸೌದೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕೆಂಬುದು ನಮ್ಮ ತರ್ಕಶಾಸ್ತ್ರದ ಪ್ರಸಿದ್ಧ ನಿದರ್ಶನ. ಭೌತಶಾಸ್ತ್ರವು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ. ಹೊಗೆ ಹೆಚ್ಚಿದಷ್ಟೂ ಬೆಂಕಿ ತನ್ನ ಕೆಲಸವನ್ನು ಅರೆಬರೆಯಾಗಿ ಮಾಡಿದೆಯೆಂದೇ ತಿಳಿಯಬೇಕು. ಕಣ್ಣುರಿಸುವ ಹೊಗೆಯು ಬಹುಮಟ್ಟಿಗೆ ಉರಿಯದೆ ತಪ್ಪಿಸಿಕೊಂಡ ಸೌದೆಯೇ ಆಗಿದೆ. ಚಳಿಯ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ಒಲೆಗಳಿಗೆ ಸರಕಾರಗಳು ವಿಧಿಸಿರುವ ನಿಯಮಗಳನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿಯೇ ಕೀಲಿಕೈ.

ಸೌದೆ ಉರಿಯುವ ಬಗೆ

ಒಲೆಗೆ ಹಾಕಿದ ಸೌದೆ ಮೂರು ಹಂತಗಳನ್ನು ದಾಟುತ್ತದೆ. ಮೊದಲು ಅದರೊಳಗಿನ ನೀರು ಆವಿಯಾಗಿ ಹೋಗಬೇಕು. ಅನಂತರ, ಉಷ್ಣತೆ ಸುಮಾರು 250 ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ, ಮರದ ಪದಾರ್ಥವು ಒಡೆದು, ಉರಿಯಬಲ್ಲ ಅನಿಲಗಳೂ ಟಾರಿನ ಆವಿಯೂ ಹೊರಬೀಳುತ್ತವೆ. ನಮಗೆ ಕಾಣುವ ಜ್ವಾಲೆ ಇವುಗಳದು. ಕೊನೆಗೆ ಉಳಿದ ಇದ್ದಲು ಕೆಂಡವಾಗಿ ಉರಿಯುತ್ತದೆ. ಸೌದೆಯ ಒಟ್ಟು ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬರುವುದು ಎರಡನೆಯ ಹಂತದ ಅನಿಲಗಳಿಂದ.

ಈ ಅನಿಲಗಳು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 600 ಡಿಗ್ರಿಯ ಉಷ್ಣತೆ ಬೇಕು. ಸಾಕಷ್ಟು ಗಾಳಿ ಬೇಕು. ಗಾಳಿಯೂ ಅನಿಲವೂ ಚೆನ್ನಾಗಿ ಬೆರೆಯಲು ಅವಕಾಶವಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅನಿಲಗಳು ಅರ್ಧಂಬರ್ಧ ಉರಿದು, ತಣಿದು, ಸೂಕ್ಷ್ಮವಾದ ಹನಿಗಳೂ ಮಸಿಯ ಕಣಗಳೂ ಆಗಿ ಹೊಗೆಯ ರೂಪವನ್ನು ತಾಳುತ್ತವೆ. ನಮ್ಮ ಹಳೆಯ ಅಡಿಗೆಮನೆಗಳ ಮಾಡಿನಲ್ಲಿ ಜೋತುಬಿದ್ದಿರುವ ಇಲ್ಲಣವು ಇದರ ಅವಶೇಷವೇ. ಚಳಿದೇಶಗಳಲ್ಲಿ ಇದೇ ಅಂಟು ಹೊಗೆಕೊಳವೆಯ ಒಳಮೈಗೆ ಮೆತ್ತಿಕೊಂಡು, ಎಂದಾದರೊಂದು ದಿನ ಹೊತ್ತಿಕೊಂಡು, ಮನೆಯನ್ನೇ ಸುಡುವುದುಂಟು.

ಹಸಿ ಸೌದೆಯ ಲೆಕ್ಕ

ಹೊಸದಾಗಿ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರುವುದುಂಟು. ಅಂತಹ 1 ಕಿಲೊಗ್ರಾಂ ಸೌದೆಯಲ್ಲಿ ನಿಜವಾದ ಮರ 500 ಗ್ರಾಂ ಮಾತ್ರ. ಒಣಮರವು ಕಿಲೊಗ್ರಾಮಿಗೆ ಸುಮಾರು 4,500 ಕಿಲೊಕ್ಯಾಲರಿ ಶಾಖವನ್ನು ಕೊಡುತ್ತದೆಯಾದ್ದರಿಂದ ಇಲ್ಲಿ ದೊರೆಯಬಹುದಾದದ್ದು 2,250 ಕಿಲೊಕ್ಯಾಲರಿ. ಉಳಿದ 500 ಗ್ರಾಂ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 40, ಅದನ್ನು ಆವಿಯಾಗಿಸಲು 270, ಒಟ್ಟು 310 ಕಿಲೊಕ್ಯಾಲರಿ ವೆಚ್ಚವಾಗುತ್ತದೆ. ಎಂದರೆ ಏಳರಲ್ಲೊಂದು ಪಾಲು.

ನಷ್ಟ ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆದರೆ ಈ ಶಾಖವನ್ನು ನೀರು ಕಸಿದುಕೊಳ್ಳುವುದು ಬೆಂಕಿಯ ನಡುವಿನಿಂದಲೇ. ಅದರಿಂದ ಒಲೆಯ ಒಡಲು 600 ಡಿಗ್ರಿಯನ್ನು ಮುಟ್ಟುವುದೇ ಕಷ್ಟವಾಗಿ, ಅನಿಲಗಳ ದೊಡ್ಡ ಪಾಲು ಉರಿಯದೆ ಹೊರಟುಹೋಗುತ್ತದೆ. ಹಸಿ ಸೌದೆಯ ನಿಜವಾದ ದೋಷ ಇದು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿನಿಂದ, ಚಿಕ್ಕ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ತೇವಾಂಶ ಶೇಕಡ 20ನ್ನು ಮೀರಬಾರದೆಂದು ಕಾನೂನು ವಿಧಿಸಿರುವುದರ ಉದ್ದೇಶವೂ ಇದೇ.

ಗಾಳಿ ಕದಲದ ಊರು

ನಿಯಮವು ಎಷ್ಟು ಕಠಿನವಾದ ಪ್ರಶ್ನೆಯಾಗಬಲ್ಲುದೆಂಬುದಕ್ಕೆ ಅಮೆರಿಕದ ಅಲಾಸ್ಕ ಪ್ರಾಂತದ ಫೇರ್‌ಬ್ಯಾಂಕ್ಸ್ ನಗರವು ಉತ್ತಮ ಉದಾಹರಣೆ. ಉತ್ತರ ಅಕ್ಷಾಂಶ ಸುಮಾರು 65 ಡಿಗ್ರಿಯಲ್ಲಿರುವ ಈ ಊರಿನಲ್ಲಿ ನಡುಚಳಿಗಾಲದ ಹಗಲು ನಾಲ್ಕು ಗಂಟೆಗೂ ಕಡಿಮೆ. ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುವುದುಂಟು. ಬೆಂಕಿಯಿಲ್ಲದ ಮನೆಯಲ್ಲಿ ಅಲ್ಲಿ ಬದುಕುವಂತಿಲ್ಲ. ಕೊಳ್ಳುವ ಎಣ್ಣೆಯ ಬೆಲೆ ಹೆಚ್ಚು. ಸೌದೆಯೋ ಸುತ್ತಲಿನ ಕಾಡಿನಲ್ಲಿಯೇ ಉಂಟು.

ಆದರೆ ಊರನ್ನು ಬೆಟ್ಟಗುಡ್ಡಗಳು ಬಳಸಿವೆ. ಹಿಮ ಮುಚ್ಚಿದ ನೆಲವು ದೀರ್ಘರಾತ್ರಿಯಲ್ಲಿ ತನ್ನ ಶಾಖವನ್ನು ಆಕಾಶಕ್ಕೆ ಸೂಸಿಬಿಡುತ್ತದೆ. ಆಗ ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ಅದು ಮೇಲೇರದೆ, ಪಾತ್ರೆಯಲ್ಲಿಟ್ಟ ನೀರಿನಂತೆ ಕಣಿವೆಯಲ್ಲಿ ನಿಂತುಬಿಡುತ್ತದೆ. ಇದನ್ನು ಉಷ್ಣತೆಯ ವಿಪರ್ಯಯವೆನ್ನುವರು. ಒಲೆಗಳ ಹೊಗೆಯೆಲ್ಲ ಈ ಮುಚ್ಚಳದ ಕೆಳಗೆ ಸೇರುತ್ತದೆ. ಹೊಗೆಯ ಕಣಗಳಲ್ಲಿ ಬಹುಪಾಲು 2.5 ಮೈಕ್ರಾನಿಗಿಂತ ಚಿಕ್ಕವು, ಅಂದರೆ ಕೂದಲಿನ ದಪ್ಪದ ಇಪ್ಪತ್ತರಲ್ಲೊಂದು ಭಾಗಕ್ಕೂ ಕಡಿಮೆ. ಅವು ಪುಪ್ಪುಸದ ಆಳಕ್ಕೆ ಇಳಿದು ಉಸಿರಾಟಕ್ಕೂ ಹೃದಯಕ್ಕೂ ಹಾನಿಮಾಡುತ್ತವೆ. ಘನಮೀಟರ್ ಗಾಳಿಯಲ್ಲಿ ಇಂತಹ ಕಣಗಳ ದಿನದ ಸರಾಸರಿ 35 ಮೈಕ್ರೊಗ್ರಾಂ ಮೀರಬಾರದೆಂಬ ಅಮೆರಿಕದ ಮಿತಿಯನ್ನು ಈ ಪ್ರದೇಶ ಪಾಲಿಸಲಾಗುತ್ತಿಲ್ಲವೆಂದು 2009ರಲ್ಲಿ ಘೋಷಿಸಲಾಯಿತು. ಗಾಳಿ ಕೆಟ್ಟ ದಿನಗಳಲ್ಲಿ ಸೌದೆಯೊಲೆ ಹೊತ್ತಿಸಬಾರದೆಂದು ಅಲ್ಲಿ ಆಜ್ಞೆ ಹೊರಡುತ್ತದೆ. ಬೇರೆ ತಕ್ಕ ಸಾಧನವಿಲ್ಲದ ಮನೆಗಳಿಗೆ ವಿನಾಯಿತಿಯುಂಟು. ಚಳಿಯಿಂದ ಕಾಯುವುದೂ ಹೊಗೆಯಿಂದ ಕಾಯುವುದೂ ಎರಡೂ ಸಮಾಜದ ಹೊಣೆ ಎಂಬುದನ್ನು ಈ ವಿನಾಯಿತಿ ಒಪ್ಪಿಕೊಂಡಂತಾಯಿತು.

ಒಲೆಯ ಸುಧಾರಣೆ

ಸೌದೆಯೊಲೆಗಳಿಗೆ ಅಮೆರಿಕವು 1988ರಲ್ಲಿ ರಾಷ್ಟ್ರಮಟ್ಟದ ಮಿತಿಯನ್ನು ಗೊತ್ತುಪಡಿಸಿತು. 2020ರಲ್ಲಿ ಅದನ್ನು, ಹೊಸ ಒಲೆಯೊಂದು ಪರೀಕ್ಷೆಯಲ್ಲಿ ಗಂಟೆಗೆ 2 ಗ್ರಾಮಿಗಿಂತ ಹೆಚ್ಚು ಹೊಗೆಕಣಗಳನ್ನು ಉಗುಳಬಾರದೆಂಬಷ್ಟಕ್ಕೆ ಬಿಗಿಗೊಳಿಸಲಾಯಿತು. ಸಾಮಾನ್ಯವಾದ ಸೀಳುಸೌದೆಯಿಂದ ಪರೀಕ್ಷಿಸಿದರೆ ಮಿತಿ 2.5 ಗ್ರಾಂ. ತಯಾರಕರು ಇದನ್ನು ಸಾಧಿಸುವುದು ಮೇಲೆ ಹೇಳಿದ ಮೂರು ಅಗತ್ಯಗಳನ್ನು ಪೂರೈಸಿಯೇ. ಒಲೆಯ ಒಡಲಿಗೆ ಶಾಖನಿರೋಧಕ ಇಟ್ಟಿಗೆಯನ್ನು ಹೊದಿಸಿ ಬಿಸಿಯನ್ನು ಕಾಪಾಡುವರು. ಮೊದಲೇ ಕಾಯಿಸಿದ ಗಾಳಿಯನ್ನು ಜ್ವಾಲೆಯ ಮೇಲ್ಭಾಗಕ್ಕೆ ಸಣ್ಣ ರಂಧ್ರಗಳಿಂದ ಹಾಯಿಸುವರು. ಕೆಲವು ಒಲೆಗಳಲ್ಲಿ ಪ್ಲಾಟಿನಂ ಮೊದಲಾದ ಲೋಹಗಳ ಲೇಪವಿರುವ ವೇಗವರ್ಧಕವನ್ನು ಇಡುವುದರಿಂದ ಅನಿಲಗಳು ಬಹಳ ಕಡಿಮೆ ಉಷ್ಣತೆಯಲ್ಲಿಯೇ ಉರಿಯುತ್ತವೆ.

ಬಳಸಿ ಬಿಟ್ಟ ಎಂಜಿನ್ ಎಣ್ಣೆಯನ್ನೂ ಕೆಲವರು ಉರಿಸುವರು. ಕಿಲೊಗ್ರಾಮಿಗೆ ಸುಮಾರು 10,000 ಕಿಲೊಕ್ಯಾಲರಿ ಕೊಡುವ ಅದು ಒಳ್ಳೆಯ ಇಂಧನವೇ ಸರಿ. ಆದರೆ ಎಂಜಿನ್ ಸವೆದ ಲೋಹದ ಕಣಗಳೂ ಗಂಧಕವೂ ಅದರಲ್ಲಿ ಸೇರಿರುತ್ತವೆ. ಲೋಹವನ್ನು ಯಾವ ಜ್ವಾಲೆಯೂ ಉರಿಸಿ ಇಲ್ಲವಾಗಿಸಲಾರದು. ಅಲ್ಲದೆ ಎಣ್ಣೆಯಲ್ಲಿ ನೀರಿನ ಹನಿಯಿದ್ದರೆ ಅದು ಕ್ಷಣಾರ್ಧದಲ್ಲಿ ಆವಿಯಾಗಿ ತನ್ನ ಗಾತ್ರದ ಸಾವಿರದ ಆರುನೂರು ಪಾಲಿಗೂ ಮೀರಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಸಿಡಿಸುತ್ತದೆ. ಆದುದರಿಂದಲೇ ಅಮೆರಿಕದ ಕಾರ್ಯಾಗಾರಗಳಲ್ಲಿ ಇಂತಹ ಒಲೆಯ ಸಾಮರ್ಥ್ಯಕ್ಕೆ ಮಿತಿಯಿದೆ. ಅದರ ಹೊಗೆಯನ್ನು ಕಟ್ಟಡದ ಹೊರಕ್ಕೆ ಬಿಡಲೇಬೇಕು.

ನಮ್ಮ ನಾಡಿನಲ್ಲಿ ಮನೆಯನ್ನು ಕಾಯಿಸುವ ಅಗತ್ಯ ಅಪರೂಪ. ಆದರೂ ಅಡಿಗೆಗೂ ಬಚ್ಚಲ ಹಂಡೆಗೂ ಸೌದೆ ಉರಿಸುವ ಮನೆಗಳು ಇಂದಿಗೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮುಂದೆ ರೂಪಿಸಿದ 'ಅಸ್ತ್ರ ಒಲೆ'ಯ ಹಿಂದೆಯೂ ಇದೇ ವಿಜ್ಞಾನವಿದೆ: ಕೆಳಗಿನಿಂದ ಗಾಳಿ ಬರಲು ಕಬ್ಬಿಣದ ಜಾಲರಿ, ಮುಚ್ಚಿದ ಒಡಲು, ಹೊಗೆಕೊಳವೆ.

ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಹಸಿಯಾದ ಸೌದೆಯ ಸೀಳೊಂದನ್ನು ತೂಗಿ, ಬಿಸಿಲಿನಲ್ಲಿಟ್ಟು, ವಾರಕ್ಕೊಮ್ಮೆ ತೂಕವನ್ನು ಬರೆದಿಡಿರಿ. 1,000 ಗ್ರಾಂ ಇದ್ದುದು 700 ಗ್ರಾಮಿಗೆ ಇಳಿದರೆ 300 ಗ್ರಾಂ ನೀರು ಹೋಯಿತೆಂದರ್ಥ. ತೂಕ ಇಳಿಯುವುದು ನಿಂತ ಮೇಲೆ ಆ ಸೀಳನ್ನೂ ಅದರ ಹಸಿಯ ಜೊತೆಗಾರನನ್ನೂ ಹಿರಿಯರ ಸಮ್ಮುಖದಲ್ಲಿ ಬಯಲಿನಲ್ಲಿ ಬೇರೆಬೇರೆಯಾಗಿ ಹೊತ್ತಿಸಿ, ಎರಡರ ಹೊಗೆಯನ್ನೂ ಹೋಲಿಸಿ ನೋಡಿರಿ.